ಹಟ್ಟಿ ಬಾಗಿಲಲ್ಲಿ ನಿಂತ ಟ್ಯಾಂಕು

ಶಿರಾ ಬಸ್ ಸ್ಟ್ಯಾಂಡಿನ ಹಿಂದೆ ಕಾಟಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಲ್ಲಿಗೆ ಕೆಟ್ಟ ರೇಡಿಯೋ ಕೊಟ್ಟವರು ಅದನ್ನು ಮರೆತುಬಿಡುವುದೇ ಆರೋಗ್ಯಕ್ಕೆ ಒಳ್ಳೆಯದು ಎಂದು ಊರಿಗೆಲ್ಲ ಗೊತ್ತಿತ್ತು. ಹಾಗಂತ ಅವನೇನು ಕೆಲಸ ಬಾರದವನಲ್ಲ. ಏಳು ವರ್ಷ ಮಿಲಿಟರಿಯಲ್ಲಿ ವೈರ್‌ಲೆಸ್ ಸೆಟ್ಟುಗಳ ಹೊಟ್ಟೆ ಬಗೆದು ಬಂದವನು. ಆದರೆ 1982ರಿಂದೀಚೆಗೆ ಅವನ ಮೇಜಿನ ಮೇಲೆ ರೇಡಿಯೋ ಇಡಲು ಜಾಗವೇ ಇರಲಿಲ್ಲ. ಅಲ್ಲಿ ನಾಲ್ಕೂವರೆ ಅಡಿ ಉದ್ದದ ಒಂದು ಯುದ್ಧದ ಟ್ಯಾಂಕು ಅರ್ಧಂಬರ್ಧ ಎದ್ದು ಕೂತಿತ್ತು. ಗಿರಾಕಿಗಳ ರೇಡಿಯೋಗಳೆಲ್ಲ ಮೇಜಿನ ಕೆಳಗೆ ಸೇರಿ, ಸರದಿಯ ಮೇಲೆ ಅದಕ್ಕೆ ಅಂಗಾಂಗ ದಾನ ಮಾಡುತ್ತಿದ್ದವು.

"ಏನಯ್ಯಾ, ನಾನು ವಾರ್ತೆ ಕೇಳೋದು ಬ್ಯಾಡ್ವಾ?" ಎಂದು ಮೇಷ್ಟ್ರು ಶಂಕರಲಿಂಗಪ್ಪ ಬಾಗಿಲಲ್ಲಿ ನಿಂತು ಗದರಿದರು.

"ಎಲ್ಲಾ ನಿನ್ನೆ ಹೇಳಿದ್ದೇ ಹೇಳ್ತಾರೆ ಬುಡಿ ಸಾ," ಎಂದ ಕಾಟಪ್ಪ, ತಲೆ ಎತ್ತದೆ.

ಇದು ಆಟದ ಸಾಮಾನಲ್ಲ. ತಂತಿ ಗಿಂತಿ ಏನೂ ಇಲ್ಲದೆ, ಇಪ್ಪತ್ತು ಮಾರು ದೂರ ನಿಂತು ಗುಂಡಿ ಒತ್ತಿದರೆ ತಾನಾಗಿ ನಡೆಯಬೇಕು, ತಿರುಗಬೇಕು, ಮೇಲಿನ ತಲೆಯನ್ನು ತೋಪಿನ ಸಮೇತ ಹೊರಳಿಸಬೇಕು. ಇಷ್ಟೆಲ್ಲ ಯಾಕೆಂದು ಕೇಳಿದವರಿಗೆ ಕಾಟಪ್ಪ ದಿನಕ್ಕೊಂದು ಕಾರಣ ಹೇಳುತ್ತಿದ್ದ. ನಿಜವಾದ ಕಾರಣ ತಾವರೆಕೆರೆ ಕಡೆಯ ಅವನ ಗೊಲ್ಲರಹಟ್ಟಿಯಲ್ಲಿ ಕುರಿ ಕಾಯುತ್ತಿತ್ತು.

ಅವಳ ಹೆಸರು ಕೊಲ್ಲಾಪುರಮ್ಮ. ತಾಯಿ ಸತ್ತ ಮೇಲೆ ತಮ್ಮ ಯತ್ತಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಯತ್ತಪ್ಪನೂ ಕಾಟಪ್ಪನೂ ಓರಗೆಯವರು. 1968ರಲ್ಲಿ ಮಿಲಿಟರಿಗೆ ಸೇರುವ ಹುಚ್ಚು ಹತ್ತಿದ್ದು ಕಾಟಪ್ಪನಿಗೆ. ಒಬ್ಬನೇ ಹೋಗಲು ಪುಕ್ಕಲಾಗಿ, ಬೇಡ ಬೇಡ ಎನ್ನುತ್ತಿದ್ದ ಯತ್ತಪ್ಪನನ್ನೂ ಎಳೆದುಕೊಂಡು ಹೋದ. ಕಾಟಪ್ಪ ವೈರ್‌ಲೆಸ್ ರಿಪೇರಿಗೆ ಬಿದ್ದ. ಯತ್ತಪ್ಪ ಟ್ಯಾಂಕಿನ ಡ್ರೈವರ್ ಆದ. ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ ಟ್ಯಾಂಕಿಗೆ ಬೆಂಕಿ ಬಿದ್ದು ಯತ್ತಪ್ಪ ಸತ್ತ. ಮರುವರ್ಷ ಅವನ ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ಹಟ್ಟಿಗೆ ಬಂದವನು ಕಾಟಪ್ಪ.

"ಟ್ಯಾಂಕಿಂದ ಹೊರಕ್ ಬಂದಿದ್ದ ಕಣಕ್ಕಾ," ಎಂದು ಅವತ್ತು ಅವನು ಹೇಳಿದ್ದ. "ಮರದಡೀಲಿ ಮಲಗ್ಸಿ ಬಾಯಿಗೆ ನೀರು ಬುಟ್ಟೆ. ನಿನ್ ಹೆಸ್ರು ಹೇಳ್ದ."

ಅಪ್ಪಟ ಸುಳ್ಳು. ಆ ಹೊತ್ತಿನಲ್ಲಿ ಕಾಟಪ್ಪ ಎಂಟು ಮೈಲಿ ಹಿಂದೆ ಬೆಸುಗೆ ಹಾಕುತ್ತ ಕೂತಿದ್ದ. ಕೊಲ್ಲಾಪುರಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನನ್ನು ಬಿಟ್ಟು ಕುರಿಗಳ ಕಡೆ ತಿರುಗಿ ಹೇಳಿದಳು: "ನನ್ ತಮ್ಮ ಕುಂತಿದ್ ಜಾಗ ಕಣ್ಣಾರೆ ತೋರ್ಸಿ, ಆಮ್ಯಾಕ್ ಈ ಕತೆ ಹೇಳ್ಲಿ. ಅಲ್ಲೀಗಂಟ ನನ್ ತಾವ ಮಾತಾಡ್ಬ್ಯಾಡ ಅನ್ರೇ."

ಅಲ್ಲಿಂದ ಹತ್ತು ವರ್ಷ ಅವಳು ಅವನೊಂದಿಗೆ ಒಂದು ಮಾತೂ ಆಡಲಿಲ್ಲ. ಅವನು ಹಟ್ಟಿಗೆ ಹೋದಾಗಲೆಲ್ಲ, "ಬಂದ ನೋಡ್ರೇ, ನೀರು ಬುಟ್ಟೋನು," ಎಂದು ಕುರಿಗಳಿಗೆ ಹೇಳುತ್ತಿದ್ದಳು. ಕುರಿಗಳೂ ಬ್ಯಾ ಎಂದು ಒಪ್ಪಿಕೊಳ್ಳುತ್ತಿದ್ದವು. ಕಾಟಪ್ಪನಿಗೆ ಇದು ಊಟದ ಮುಂದೆ, ನಿದ್ದೆಯ ಮುಂದೆ ಬಂದು ನಿಲ್ಲತೊಡಗಿತು. ಕೊನೆಗೆ ಅವನ ತಲೆಗೆ ಹೊಳೆದದ್ದು ಇದು: ಟ್ಯಾಂಕು ಮಾಡಿ ತೋರಿಸುವುದು. ಅದನ್ನು ನಂಬಿದರೆ ಅಕ್ಕ ಸುಳ್ಳನ್ನೂ ನಂಬುತ್ತಾಳೆ.

ತಗಡಿನ ಕೆಲಸಕ್ಕೆ ಪ್ಯಾರೇಜಾನ್ ಸಾಬರು ಸಿಕ್ಕಿದರು. "ಕ್ಯಾ ಕಾಟಪ್ಪ, ಜಂಗ್ ಖತಂ ಆಗಿ ಹತ್ತು ಸಾಲ್ ಆಯ್ತು, ಇನ್ನೂ ಯಾರ ಮೇಲೆ ಲಡಾಯಿ?" ಎಂದು ನಗುತ್ತಲೇ ಸೀಮೆಎಣ್ಣೆ ಡ್ರಮ್ಮು ಕತ್ತರಿಸಿ ಒಡಲು ಮಾಡಿಕೊಟ್ಟರು. ಗಾಲಿಗಳಿಗೆ ಜಾಲಿ ಮರ. ಎಡಕ್ಕೊಂದು ಬಲಕ್ಕೊಂದು, ಗುಜರಿ ಲಾರಿಯ ವೈಪರ್ ಮೋಟಾರು. ತೋಪಿಗೆ ಸೈಕಲ್ ಪಂಪು. ಸಂಕೇತ ಕಳಿಸುವ ಯಂತ್ರ ಬಿಸ್ಕತ್ತಿನ ಡಬ್ಬಿಯೊಳಗೆ ಕೂತಿತು, ಅದರ ಏರಿಯಲ್ಲು ಕೊಡೆಯ ಕಡ್ಡಿ. ಅವನು "ಎಡಕ್ಕೆ" ಗುಂಡಿ ಒತ್ತಿದಾಗಲೆಲ್ಲ ಪಕ್ಕದ ಹೋಟೆಲಿನ ರೇಡಿಯೋ ಗೊರಗೊರ ಎಂದು ಕ್ಯಾಕರಿಸುತ್ತಿತ್ತು. ಹೋಟೆಲಿನ ನಾಗಲಿಂಗಯ್ಯ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಜಗಳಕ್ಕೆ ಬರುತ್ತಿದ್ದ.

ಆದರೆ ಕಾಟಪ್ಪನ ಅಸಲಿ ಹುಚ್ಚು ಕಂಡದ್ದು ಸಣ್ಣ ವಿವರಗಳಲ್ಲಿ. ಒಡಲಿನ ರಿವೆಟ್ಟುಗಳಿಗೆಂದು ಒಂದೊಂದೇ ರಾಗಿ ಕಾಳು ಅಂಟಿಸಿದ. ಬೆಳಗಾಗುವಷ್ಟರಲ್ಲಿ ಇರುವೆಗಳು ಎಡಮಗ್ಗುಲನ್ನು ಪೂರ್ತಿ ಹೊತ್ತೊಯ್ದಿದ್ದವು. ಮತ್ತೆ ಅಂಟಿಸಿ, ಮೇಲೆ ಅರಗು ಬಳಿದ. ಹೊಸ ಹಸಿರು ಬಣ್ಣ ಹೊಡೆದು, ಒಣಗಿದ ಮೇಲೆ ಅದನ್ನು ಉಜ್ಜಿ ಹಳೆಯದು ಮಾಡಿದ. ತುಕ್ಕು ಬರೆದ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆಮ್ಮಣ್ಣು ಚಿಮುಕಿಸಿ ಧೂಳು ಕೂರಿಸಿದ.

"ಮನೆ ಗ್ವಾಡೆಗೆ ಸುಣ್ಣ ಬಳಿಯಾಕೆ ಕೈ ಬರಾಕಿಲ್ಲ, ತಗಡಿಗೆ ಧೂಳು ಬಳೀತಾ ಕುಂತವ್ರೆ," ಎಂದು ಅವನ ಹೆಂಡತಿ ಕೆಂಪಕ್ಕ ಬೀದಿಗೆಲ್ಲ ಸಾರಿದಳು.

ಡ್ರೈವರ್ ಕೂರುವ ಜಾಗಕ್ಕೆ ಎಂಟು ತಿಂಗಳು ಹಿಡಿಯಿತು. ಪುಟ್ಟ ಸೀಟು, ಎರಡು ಹಿಡಿ, ಕಾಲಡಿ ಮೂರು ಪೆಡಲು, ಮೇಲೆ ಕೀಲಿನ ಮುಚ್ಚಳ. ಯತ್ತಪ್ಪನ ಟ್ಯಾಂಕು ಹೇಗಿತ್ತೋ ಹಾಗೆಯೇ, ಒಂದು ನೂಲೂ ಹೆಚ್ಚಿಲ್ಲ ಕಡಿಮೆಯಿಲ್ಲ. ಚಕ್ರ ಸುತ್ತುವ ಸರಪಳಿಯ ಪಟ್ಟಿಗೆ ನಿಜವಾದ ಟ್ಯಾಂಕಿನಲ್ಲಿ ರಬ್ಬರ್ ಮೆತ್ತೆ ಇರುತ್ತದೆ. ಕಾಟಪ್ಪ ಚಪ್ಪಲಿ ಹೊಲಿಯುವವರ ಬಳಿಯಿಂದ ಹಳೆಯ ಟೈರ್ ಮೆಟ್ಟುಗಳನ್ನು ತಂದು, ನೂರಾ ಐವತ್ತಾರು ತುಂಡು ಕತ್ತರಿಸಿ, ಒಂದೊಂದಕ್ಕೆ ಎರಡೆರಡು ಬೋಲ್ಟು ಹಾಕಿ ಕೂರಿಸಿದ. ಕೂರಿಸಿ ಬಹಳ ಹೆಮ್ಮೆಪಟ್ಟ.

1984ರ ಜನವರಿಯಲ್ಲಿ ಟ್ಯಾಂಕು ತಾವರೆಕೆರೆ ಬಸ್ಸಿನ ಟಾಪು ಹತ್ತಿತು. ಅಲ್ಲಿಂದ ಹಟ್ಟಿಗೆ ಗಾಡಿ. ಹಟ್ಟಿಯ ಮುಳ್ಳುಬೇಲಿಯ ಬಾಗಿಲಲ್ಲಿ ಇಳಿಸಿ ಗುಂಡಿ ಒತ್ತಿದನೋ ಇಲ್ಲವೋ, ಅದು ಗುರ್ರೆಂದು ಹೊರಟಿತು. ನಾಯಿಗಳು ಬಾಲ ಮುದುರಿಕೊಂಡು ಓಡಿದವು. ಹೆಂಗಸರು, ಮಕ್ಕಳು, ಮುದುಕರೆಲ್ಲ ಬಂದು ಮುತ್ತಿಕೊಂಡರು. ಕೊಲ್ಲಾಪುರಮ್ಮ ಮಾತ್ರ ತನ್ನ ಗುಡಿಸಲ ಬಾಗಿಲು ಬಿಟ್ಟು ಕದಲಲಿಲ್ಲ. "ನನ್ ತಮ್ಮ ಈ ಬಾಗ್ಲಿಂದ ವೋದ. ತೋರ್ಸೋನು ಈ ಬಾಗ್ಲಿಗೇ ತಂದು ತೋರುಸ್ಲಿ ಅನ್ರೇ," ಎಂದು ಕುರಿಗಳಿಗೆ ಕೂಗಿ ಹೇಳಿದಳು.

ಕಾಟಪ್ಪ ಎದೆಯುಬ್ಬಿಸಿ ಮುಂದಕ್ಕೆ ಗುಂಡಿ ಒತ್ತಿದ. ಹಟ್ಟಿಯ ಯಜಮಾನ ಜುಂಜಪ್ಪ ಬೇಲಿ ಬಾಗಿಲಲ್ಲೇ ಕೋಲು ಅಡ್ಡ ಇಟ್ಟರು. "ನಿಲ್ಸಲಾ. ಇದ್ರ ಕಾಲಾಗೆ ಮೆಟ್ಟು ಐತೆ."

ಹಟ್ಟಿಯೊಳಗೆ ಯಾರೂ ಮೆಟ್ಟು ಹಾಕಿಕೊಂಡು ಕಾಲಿಡುವಂತಿಲ್ಲ. ಅಮಲ್ದಾರರೇ ಬಂದರೂ ಬಾಗಿಲಲ್ಲಿ ಬಿಟ್ಟು ಬರಬೇಕು. ಅಲ್ಲೇ ಹುಟ್ಟಿ ಬೆಳೆದ ಕಾಟಪ್ಪನಿಗೆ, ಅಷ್ಟೊಂದು ಮೆಟ್ಟು ಕತ್ತರಿಸುವಾಗ ಇದು ಒಮ್ಮೆಯೂ ನೆನಪಾಗಿರಲಿಲ್ಲ. ಅಷ್ಟು ಬುದ್ಧಿವಂತ.

"ಇದು ಮೆಟ್ಟಲ್ಲ ಯಜಮಾನ್ರೇ, ಬರೀ ರಬ್ಬರು," ಎಂದ.

ಜುಂಜಪ್ಪ ಬಗ್ಗಿ ಒಂದು ತುಂಡನ್ನು ಬೆರಳಲ್ಲಿ ಸವರಿದರು. "ರಬ್ಬರಾ? ಇದು ನಂದೇ ಎಡಗಾಲಿಂದು ಕಣ್ಲಾ! ಹೋದ್ ವರ್ಸ ಶಿರಾದಾಗ ವಲಿಯಾಕ್ ಕೊಟ್ಟು ಕಳಕೊಂಡಿದ್ದೆ. ಈ ಮೂರು ಮೊಳೆ ಹೊಡೆದೋನು ನಾನೇಯ."

ಹಟ್ಟಿಗೆ ಹಟ್ಟಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎತ್ತಿಕೊಂಡು ಹೋಗುತ್ತೇನೆ ಎಂದರೆ, ತಲೆ ಮೇಲೆ ಹೊತ್ತರೂ ಮೆಟ್ಟು ಮೆಟ್ಟೇ ಎಂದರು ಯಜಮಾನರು. ಕಾಟಪ್ಪ ಬೇಲಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸ್ಪ್ಯಾನರ್ ತೆಗೆದ. ನೂರಾ ಐವತ್ತಾರು ತುಂಡು, ಮುನ್ನೂರಾ ಹನ್ನೆರಡು ಬೋಲ್ಟು. ನಗುತ್ತಿದ್ದವರು ಹೋಗಿ ಉಂಡು, ಮಲಗಿ ಎದ್ದು ಬಂದರು. ಅವನು ಬಿಚ್ಚುತ್ತಲೇ ಇದ್ದ. ಕೊಲ್ಲಾಪುರಮ್ಮ ಅವತ್ತು ಕುರಿಗಳನ್ನು ಮೇಯಲು ಬಿಡಲಿಲ್ಲ. ಬಾಗಿಲಲ್ಲೇ ನಿಂತು ಅವನ ಕೈಯನ್ನು ನೋಡುತ್ತಿದ್ದಳು.

ಹೊತ್ತು ಇಳಿದ ಮೇಲೆ ಟ್ಯಾಂಕು ಬರಿಗಾಲಲ್ಲಿ ಹಟ್ಟಿಯೊಳಗೆ ಹೊರಟಿತು. ಮೆತ್ತೆ ಇಲ್ಲದ ತಗಡು ಕರಕರ ಎಂದು ಕಲ್ಲು ಕೆರೆಯುತ್ತ, ಜಾರುತ್ತ, ಹೇಗೋ ಗುಡಿಸಲ ಮುಂದಕ್ಕೆ ಬಂತು. ಬಾಗಿಲಿಗೆ ಎರಡು ಮಾರು ಇರುವಾಗ ಬ್ಯಾಟರಿ ತೀರಿಹೋಗಿ ನಿಂತೇಬಿಟ್ಟಿತು. ಕಾಟಪ್ಪ ಎಲ್ಲ ಗುಂಡಿ ಒತ್ತಿದ. ಏನೂ ಅಲುಗಲಿಲ್ಲ.

ಕೊಲ್ಲಾಪುರಮ್ಮ ತಾನೇ ಇಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಧೂಳು ಮುಟ್ಟಿದಳು, ತುಕ್ಕು ಮುಟ್ಟಿದಳು. ಕಾಟಪ್ಪ ಬಗ್ಗಿ ಬೆರಳು ತೋರಿಸಿದ. "ಅದೇ ಅಕ್ಕಾ, ಆ ಮುಚ್ಚಳದ್ ಕೆಳೀಕೆ," ಎಂದ.

ಅವಳು ಮುಚ್ಚಳ ಎತ್ತಿದಳು. ಅದು ಒಂದು ಬೆರಳಿನಷ್ಟು ಎದ್ದು, ಮೇಲೆ ಚಾಚಿದ್ದ ತೋಪಿನ ಕೊಳವೆಗೆ ಟಕ್ ಎಂದು ತಗುಲಿತು. ಮತ್ತೆ ಎತ್ತಿದಳು. ಮತ್ತೆ ಟಕ್. ಆಗ ಕಾಟಪ್ಪನಿಗೆ ನೆನಪಾಯಿತು. ನಿಜವಾದ ಟ್ಯಾಂಕೂ ಹಾಗೆಯೇ ಇತ್ತು. ತೋಪು ನೇರ ಮುಂದಕ್ಕೆ ನಿಂತರೆ ಡ್ರೈವರಿನ ಮುಚ್ಚಳ ತೆರೆಯುವುದಿಲ್ಲ. ಸುಳ್ಳು ನಂಬಿಸಲು ಹೊರಟ ಬೆಪ್ಪ, ಒಂದು ನೂಲೂ ತಪ್ಪದಂತೆ ನಿಜವನ್ನೇ ಮಾಡಿ ತಂದಿದ್ದ.

"ಕೊಳವೆ ಹಿಂಗಿದ್ರೆ ಒಳಗಿರೋನು ಹೊರಕ್ ಬರಾಕಾಗಾಕಿಲ್ವಾ?" ಅವಳು ಕೇಳಿದ್ದು ಕುರಿಗಳನ್ನಲ್ಲ.

"ಇಲ್ಲ ಅಕ್ಕಾ."

"ಅವತ್ತು ಹೆಂಗಿತ್ತು?"

ಅವತ್ತು ಸಂಜೆ ಆ ಸುಟ್ಟ ಟ್ಯಾಂಕಿನಿಂದ ವೈರ್‌ಲೆಸ್ ಸೆಟ್ಟು ಬಿಚ್ಚಲು ಕಳಿಸಿದ್ದು ಕಾಟಪ್ಪನನ್ನೇ. ಅವನು ಕಣ್ಣಾರೆ ಕಂಡಿದ್ದ. ಬಾಯಿಗೆ ಬಂದ ಸುಳ್ಳನ್ನು ನುಂಗಿಕೊಂಡ. "ಹಿಂಗೇ ಇತ್ತು ಕಣಕ್ಕಾ. ನಾನು ನೀರೂ ಬುಡ್ಲಿಲ್ಲ, ಏನೂ ಇಲ್ಲ. ಹನ್ನೆರ್ಡು ವರ್ಸದಿಂದ ನಿಂಗೆ ಸುಳ್ಳೇ ಹೇಳ್ಕೊಂಡ್ ಬಂದೆ." ಅಷ್ಟು ಹೇಳಿ, ಹಟ್ಟಿಯವರೆಲ್ಲ ನೋಡುತ್ತಿದ್ದಂತೆ, ಮಣ್ಣಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಕೊಲ್ಲಾಪುರಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಎರಡೂ ಕೈಯಲ್ಲಿ ಕೊಳವೆ ಹಿಡಿದು, ಮೊಳಕಾಲು ಊರಿ, ತನ್ನ ಬಲವನ್ನೆಲ್ಲ ಹಾಕಿ ಪಕ್ಕಕ್ಕೆ ತಿರುಚಿದಳು. ಒಳಗೆ ಹಲ್ಲುಚಕ್ರಗಳು ಲಟಲಟನೆ ಮುರಿದವು. ಟ್ಯಾಂಕಿನ ತಲೆ ವಾರೆಯಾಗಿ ಹೊರಳಿತು. ಆಮೇಲೆ ಮುಚ್ಚಳವನ್ನು ಪೂರ್ತಿ ಎತ್ತಿ ಹಿಂದಕ್ಕೆ ಮಗುಚಿ, ಒಳಗೆ ಕೈ ಹಾಕಿ ಆ ಪುಟ್ಟ ಸೀಟಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಳು.

"ಕಾಟ," ಎಂದಳು. "ಇದು ನನ್ ಬಾಗ್ಲಾಗೇ ಇರ್ಲಿ. ಈ ಮುಚ್ಚಳ ಮಾತ್ರ ಯಾರೂ ಮುಚ್ಚಂಗಿಲ್ಲ."