ಕನ್ನಡ ಬಾರದ ಡ್ರೈವರ್

ಎಪ್ಪತ್ತರ ದಶಕದಲ್ಲಿ ದೆಹಲಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಾಗ ನನ್ನ ಹೊಟ್ಟೆ ಉರಿಸಿದವರು ಪೊಲೀಸರಲ್ಲ, ನಮ್ಮ ಕನ್ನಡದವರೇ. ಮೀಟರು ನಾಲ್ಕು ರೂಪಾಯಿ ಅರವತ್ತು ಪೈಸೆ ತೋರಿಸಿದರೆ ಪಂಜಾಬಿ ಲಾಲಾ ಐದರ ನೋಟು ಕೊಟ್ಟು "ರಖ್ ಲೇ" ಎಂದು ಚಿಲ್ಲರೆ ನನಗೇ ಬಿಟ್ಟು ಇಳಿದುಹೋಗುತ್ತಿದ್ದ. ನಮ್ಮವರು? ಊರು ಯಾವುದು, ಯಾರ ಮಗ ಎಂದು ದಾರಿಯುದ್ದಕ್ಕೂ ವಿಚಾರಿಸಿ, ಇಳಿಯುವಾಗ ನಾಲ್ಕೇ ರೂಪಾಯಿ ಕೈಗಿಟ್ಟು, "ನಮ್ಮವರೇ ಅಲ್ವೇನಪ್ಪಾ" ಎನ್ನುತ್ತಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ. ಆ ಅರವತ್ತು ಪೈಸೆಯನ್ನು ಸಂಜೆ ಗಾಡಿಯ ಮಾಲೀಕನಿಗೆ ನನ್ನ ಜೇಬಿನಿಂದಲೇ ತುಂಬಬೇಕಿತ್ತು. ಅವನೇನು ನನ್ನ ಸೋದರಮಾವನೇ?

ಹಾಗಾಗಿ ಹಿಂದಿನ ಸೀಟಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಾನು ಏನೂ ತಿಳಿಯದವನಂತೆ ಕೂತುಬಿಡುತ್ತಿದ್ದೆ. ಏನು ಕೇಳಿದರೂ ಹಿಂದಿಯಲ್ಲೇ ಉತ್ತರ.

ಒಂದು ಜೂನ್ ಮಧ್ಯಾಹ್ನ ಸ್ಟೇಷನ್ನಿನಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ತನ್ನ ವಯಸ್ಸಾದ ತಾಯಿಯನ್ನು ಕರೆದುಕೊಂಡು ನನ್ನ ಗಾಡಿ ಹತ್ತಿದ. ಎರಡು ದಿನ ರೈಲಿನಲ್ಲಿ ಬೆಂದು ಬಂದಿದ್ದರು ಆಕೆ. ಆರ್.ಕೆ. ಪುರಂ ಕ್ವಾರ್ಟರ್ಸಿಗೆ ಹೊರಟೆವು. "ಇವರೆಲ್ಲ ಕಳ್ಳರಮ್ಮ, ಸುತ್ತಿಸಿ ಕರ್ಕೊಂಡು ಹೋಗ್ತಾರೆ. ನಾನು ಕಣ್ಣಿಟ್ಟಿರ್ತೀನಿ" ಎಂದು ಅವನು ಕನ್ನಡದಲ್ಲಿ ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ನೆಟ್ಟಗಿನ ದಾರಿಯಲ್ಲೇ ಹೋಗುತ್ತಿದ್ದೆನಲ್ಲೋ, ದರಿದ್ರದವನೇ.

ಇಂಡಿಯಾ ಗೇಟ್ ಹತ್ತಿರ ಆಕೆ, "ಮಗಾ, ಗಂಟಲು ಒಣಗಿ ತಲೆ ಸುತ್ತುತ್ತಿದೆ. ಎಲ್ಲಾದರೂ ಒಂದು ಗುಟುಕು ನೀರು ಕೊಡಿಸೋ" ಎಂದರು.

"ನಿಲ್ಲಿಸಿದರೆ ಮೀಟರ್ ಓಡ್ತಾನೇ ಇರುತ್ತಮ್ಮ. ಇನ್ನೇನು ಇಪ್ಪತ್ತು ನಿಮಿಷ, ತಡ್ಕೋ."

ನನ್ನ ಗಾಡಿಯ ಬಂಪರಿನಲ್ಲೇ ಕ್ಯಾನ್ವಾಸ್ ಚೀಲದ ತುಂಬ ತಣ್ಣನೆಯ ನೀರು ತೂಗಾಡುತ್ತಿತ್ತು. ನಿಲ್ಲಿಸಿ ಕೊಡಬಹುದಿತ್ತು. ಕೊಟ್ಟರೆ ನನಗೆ ಕನ್ನಡ ಬರುತ್ತದೆಂದು ಗೊತ್ತಾಗುತ್ತದೆ, ಗೊತ್ತಾದರೆ ಮತ್ತೆ ಅದೇ "ನಮ್ಮವರೇ ಅಲ್ವೇನಪ್ಪಾ". ಕಳ್ಳ ಅಂದೆಯಲ್ಲ, ನಿನ್ನ ತಾಯಿಯನ್ನು ನೀನೇ ನೋಡಿಕೋ ಎಂದು ಹಲ್ಲು ಕಚ್ಚಿ ಗಾಡಿ ಓಡಿಸಿದೆ. ಆಕೆ ಇನ್ನೊಂದು ಸಲ ಕೇಳಿದರು. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒರಗಿದ್ದರು.

ಮನೆಯ ಮುಂದೆ ಮಗರಾಯ ಮೀಟರಿಗೆ ಬಗ್ಗಿ ನೋಡಿ, ಐದು ಪೈಸೆ ಚಿಲ್ಲರೆಯನ್ನೂ ಬಿಡದೆ ಇಸಿದುಕೊಂಡ. ಆಕೆ ಗೇಟು ಹಿಡಿದು ನಿಂತು, ಸೆರಗಿನ ಗಂಟು ಬಿಚ್ಚಿ, ನಾಲ್ಕಾಣೆ ತೆಗೆದು ನನ್ನತ್ತ ಚಾಚಿದರು.

"ಅವನಿಗ್ಯಾಕಮ್ಮ ಕೊಡ್ತೀಯ?" ಮಗ ರೇಗಿದ.

"ಈ ಬಿಸಿಲಲ್ಲಿ ಜೋಪಾನವಾಗಿ ತಂದು ಬಿಟ್ಟಿದಾನೆ ಕಣೋ. ಪಾಪ, ಅವನಿಗೆ ನಮ್ಮ ಮಾತು ಬರಲ್ಲ. ಬಂದಿದ್ರೆ ಅವನಾದ್ರೂ ನಿಲ್ಲಿಸ್ತಿದ್ದ."

ಮಗನ ಕೆನ್ನೆಗೆ ಬಿಗಿಯಬೇಕೆಂದು ತುರಿಸುತ್ತಿದ್ದ ಕೈಯನ್ನೇ ಮುಂದೆ ಚಾಚಿದೆ. "ಶುಕ್ರಿಯಾ, ಮಾತಾಜಿ" ಎಂದು ಹಿಂದಿಯಲ್ಲಿ ಹೇಳಿ, ಆ ನಾಲ್ಕಾಣೆಯನ್ನು ಜೇಬಿಗೆ ಹಾಕಿಕೊಂಡೆ.