ಎದೆನೋವಿಗೆ ಎರಡು ಸರ್ಟಿಫಿಕೇಟು

ತಿಕೋಟಾದಲ್ಲಿ ನಿಲ್ಲುವ ಒಂದು ಖಾಸಗಿ ಆಂಬುಲೆನ್ಸಿನಲ್ಲಿ ನಾನು ಪ್ಯಾರಾಮೆಡಿಕ್. ಕೆಲಸಕ್ಕೆ ರಾಜ್ಯದ ಪರವಾನಗಿ ಸಾಕು. ಓದು ಮುಗಿದ ಹೊಸದರಲ್ಲಿ ಉತ್ಸಾಹದಿಂದ ಒಂದು ರಾಷ್ಟ್ರೀಯ ಸರ್ಟಿಫಿಕೇಟನ್ನೂ ಪಡೆದಿದ್ದೆ. ಅದು ಉಳಿಯಬೇಕಾದರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಈ ಸಲ ಅವಧಿ ಮುಗಿಯುತ್ತ ಬಂದಾಗ, ಹೋದರೆ ಹೋಗಲಿ ಎಂದುಕೊಂಡೆ. ವಿಜಯಪುರ, ಬಬಲೇಶ್ವರ ಎಂದು ತಿರುಗುವವನಿಗೆ ದೇಶದ ಮುದ್ರೆ ಏಕೆ? ಎದೆನೋವು ಒಂದೇ ಆಗಿರುವಾಗ ಕಾಗದ ಮಾತ್ರ ಎರಡೇಕೆ? ವಿಶ್ವವಿದ್ಯಾಲಯದಲ್ಲಿ ನಾನು ಚೆನ್ನಾಗಿ ಕಲಿತದ್ದು ಇಂಥ ಪ್ರಶ್ನೆ ಕೇಳುವುದನ್ನೇ.

ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ನಿಡೋಣಿಯ ಹುಡುಗಿ. ಮದುವೆ ಮಾಡಿ ಕೊಟ್ಟದ್ದು ರಾಜ್ಯದ ಗಡಿಯಾಚೆಯ ಜತ್ತಕ್ಕೆ. ಗಂಡ ಅಲ್ಲಿ, ಇವಳು ಇಲ್ಲಿ. ಸಂಸಾರ ನಡೆಯುತ್ತಿದ್ದದ್ದು ವಾರದ ರಜೆಯಲ್ಲಿ. ಅಲ್ಲಿಯ ಒಂದು ಆಸ್ಪತ್ರೆ ಇವಳನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ನಮ್ಮ ರಾಜ್ಯದ ಪರವಾನಗಿ ಅವರಿಗೆ ನಡೆಯದು, ಚಾಲ್ತಿಯಲ್ಲಿರುವ ರಾಷ್ಟ್ರೀಯ ಸರ್ಟಿಫಿಕೇಟೇ ಬೇಕು. ಅವಳದರ ಅವಧಿಯೂ ನನ್ನದರಂತೆಯೇ ಮುಗಿಯುತ್ತ ಬಂದಿತ್ತು. ಪ್ರಾಯೋಗಿಕ ಪರೀಕ್ಷೆಗೆ ಇಬ್ಬರು ಜೋಡಿಯಾಗಿ ಹೋಗಬೇಕು. ಸುತ್ತಮುತ್ತ ಆ ಸರ್ಟಿಫಿಕೇಟು ಇದ್ದ ಇನ್ನೊಬ್ಬನೆಂದರೆ ನಾನೇ.

ಅವಳು ಬಂದು ಕೇಳಿದಳು. ನಾನು ಒಕ್ಕೂಟ ವ್ಯವಸ್ಥೆ, ಪರೀಕ್ಷೆಯ ವ್ಯಾಪಾರ ಎಂದು ಸಾಕಷ್ಟು ಹೊತ್ತು ಮಾತಾಡಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ಅಣ್ಣಾರ, ನಾ ವಾದ ಗೆಲ್ಲಾಕ ಬಂದಿಲ್ರಿ. ಗಂಡನ ಊರಾಗ ಕೆಲಸ ಮಾಡಬೇಕಾಗೇತಿ. ಬರ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ನೋಡೋಣ ಎಂದೆ. ನೋಡೋಣ ಎಂದದ್ದನ್ನು ಅವಳು ಆಯ್ತು ಎಂದು ತಿಳಿದಳು, ಅಥವಾ ತಿಳಿದಂತೆ ನಟಿಸಿದಳು. ಮರುದಿನವೇ ಅಭ್ಯಾಸ ಶುರು. ಜಾಗ, ನಮ್ಮ ಡ್ರೈವರನ ಮಾವನ ಒಣದ್ರಾಕ್ಷಿ ಶೆಡ್ಡು. ಸುಗ್ಗಿ ಮುಗಿದು ದ್ರಾಕ್ಷಿ ಒಣಹಾಕುವ ಜಾಳಿಗೆಗಳು ಖಾಲಿ ಇದ್ದವು, ನೆರಳಿತ್ತು. ರೋಗಿಯ ಪಾತ್ರ ಡ್ರೈವರನದು. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಮಲಗಿ, ಎದೆ ಹಿಡಿದು, ಹೆಂಡತಿಯ ಹೆಸರು ಹೇಳಿ ನರಳಿದ.

ನಾನು ಮೊದಲು ಅವನ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದೆ. ಅವಳು ಅವನ ಬೆರಳಿಗೆ ಸಿಕ್ಕಿಸಿದ್ದ ಮೀಟರ್ ತೋರಿಸಿದಳು. ರಕ್ತದಲ್ಲಿ ಆಕ್ಸಿಜನ್ ಬೇಕಾದಷ್ಟಿತ್ತು. ಹಾಗಿದ್ದಾಗ ಬರೀ ಎದೆನೋವಿಗೆ ಅದನ್ನು ಕೊಡುವಂತಿಲ್ಲ ಎಂದಳು. ನಮಗೆ ಕಲಿಸಿದ್ದೇ ಹೀಗೆ ಎಂದು ನಾನು ಪಟ್ಟು ಹಿಡಿದೆ. ಕಲಿಸಿದ ಮೇಷ್ಟ್ರ ನೀಲಿ ಅಂಗಿ, ಕಿರುಗುಟ್ಟುವ ಫ್ಯಾನು ನನ್ನ ಕಣ್ಣ ಮುಂದೆಯೇ ಇದ್ದವು.

"ನೀವಿಬ್ರೂ ವಾದ ಮುಗಸೂದ್ರಾಗ ನಾ ಸತ್ತಿರ್ತೇನಿ ನೋಡ್ರಿ," ಎಂದ ಡ್ರೈವರ್, ಮಾಸ್ಕಿನ ಒಳಗಿಂದಲೇ.

ಮನೆಗೆ ಹೋಗಿ ಹಳೆಯ ಸಹಪಾಠಿಗಳಿಗೆ ಫೋನ್ ಮಾಡಿದೆ. ಒಬ್ಬ ಹಾಗೆಯೇ ಕಲಿಸಿದ್ದರು ಎಂದ. ಇನ್ನೊಬ್ಬ, ಮೀಟರ್ ನೋಡದೆ ಮಾಸ್ಕು ಮುಟ್ಟಬೇಡಿ ಎಂದು ಅದೇ ಮೇಷ್ಟ್ರು ಬೈದಿದ್ದರು ಎಂದ. ನೀಲಿ ಅಂಗಿ ಯಾರಿಗೂ ನೆನಪಿರಲಿಲ್ಲ. ಆಗ ಬೇರೊಂದು ಅನುಮಾನ ಹುಟ್ಟಿತು. ನಮ್ಮ ಕಡೆ ಆಂಬುಲೆನ್ಸ್ ಬಂತೆಂದರೆ ಮನೆಯವರಿಗೆ ಮೊದಲು ಮಾಸ್ಕು ಕಾಣಬೇಕು. ಘೋಣಸಗಿಯಲ್ಲಾಗಲಿ ತೊರವಿಯಲ್ಲಾಗಲಿ, "ಮೊದಲ ಗ್ಯಾಸ್ ಹಚ್ರಿ ಯಪ್ಪಾ" ಎನ್ನುತ್ತಾರೆ. ಹಚ್ಚದಿದ್ದರೆ ಏನೂ ಮಾಡಲಿಲ್ಲವೆಂದು ಮುಖ ಸಿಂಡರಿಸುತ್ತಾರೆ. ಹಾಗಾದರೆ ನನಗೆ ಪಾಠ ಹೇಳಿದವರು ಮೇಷ್ಟ್ರೋ, ರೋಗಿಗಳ ಅತ್ತೆ ಮಾವಂದಿರೋ? ಈಗಲೂ ಖಾತ್ರಿಯಿಲ್ಲ. ಆ ಅನುಮಾನದಲ್ಲೇ ಪರೀಕ್ಷೆಯ ಫೀಸು ಕಟ್ಟಿದೆ.

ಪರೀಕ್ಷೆ ವಿಜಯಪುರದಲ್ಲಿ. ಪರೀಕ್ಷಕರಲ್ಲಿ ಒಬ್ಬರು ರೋಗಿಯ ಅಣ್ಣನಾಗಿ, ಗ್ಯಾಸ್ ಹಚ್ಚಿ ಎಂದು ಥೇಟ್ ನಮ್ಮೂರಿನವರಂತೆಯೇ ಗಂಟುಬಿದ್ದರು. ನನ್ನ ಕೈ ಮಾಸ್ಕಿನ ಕಡೆಗೇ ಹೋಯಿತು. ಅವಳು ಸಮಾಧಾನವಾಗಿ ಆ ಅಣ್ಣನನ್ನು ಕೂರಿಸಿ, ಮೀಟರ್ ತೋರಿಸಿ, ತಮ್ಮನ ಕೈ ಹಿಡಿದುಕೊಳ್ಳುವ ಕೆಲಸ ಕೊಟ್ಟಳು. ಅಷ್ಟರಲ್ಲಿ ನಾನು ಇಸಿಜಿ ತೆಗೆದೆ. ಇಬ್ಬರೂ ಪಾಸಾದೆವು.

ಎರಡೂ ಕಾಗದ ಕಡ್ಡಾಯವಾಗಬೇಕೇ ಎಂದು ಯಾರಾದರೂ ಕೇಳಿದರೆ ಬೇಡವೆಂದೇ ಹೇಳುತ್ತೇನೆ. ಒಂದು ಕಾಗದ ಇಲ್ಲವೆಂದು ಕೈ ಪಳಗಿದವರ ಅನ್ನ ಕಸಿಯಬಾರದು. ಆದರೆ ನಾನಂತೂ ಮುಂದಿನ ಸಲವೂ ಹೋಗುತ್ತೇನೆ. ನನ್ನ ನೆನಪನ್ನು ಆಗಾಗ ಹೊರಗಿನವರು ತಟ್ಟಿ ನೋಡುವುದು ಒಳ್ಳೆಯದು.

ಅವಳ ಕೊನೆಯ ಪಾಳಿ ಮುಗಿದ ಬೆಳಿಗ್ಗೆ ಡ್ರೈವರನೂ ನಾನೂ ಟ್ರಂಕು ಹೊತ್ತು ಜತ್ತದ ಬಸ್ಸಿಗೆ ಏರಿಸಿದೆವು. ಏನಾದರೂ ಗಂಭೀರವಾಗಿ ಹೇಳಬೇಕೆಂದು ಕಿಟಕಿಯ ಹತ್ತಿರ ಹೋದೆ. ಅವಳಾಗಲೇ ಗಂಡನಿಗೆ ಫೋನ್ ಹಚ್ಚಿ, ತಾನು ಬರುವಷ್ಟರಲ್ಲಿ ಏನೇನು ಅಡುಗೆ ಮಾಡಿಟ್ಟಿರಬೇಕೆಂದು ಹೇಳುತ್ತಿದ್ದಳು.