ಕರೆಂಟು, ನೀರು, ಬೈಗುಳ ಸೇರಿ

ಲಿಮಾದ ನಮ್ಮ ಬ್ರೆನ್ಯಾ ಕೇರಿಯಲ್ಲಿ ‘ಕರೆಂಟು, ನೀರು ಸೇರಿ ಬಾಡಿಗೆ’ ಎಂಬ ಚೀಟಿ ನೋಡಿ ಯಾರೂ ಹಿಗ್ಗಬಾರದು. ಮನೆಯೊಡತಿಯ ಬಾಯಿಯೂ ಅದರಲ್ಲೇ ಸೇರಿರುತ್ತದೆ. ನಮ್ಮ ಮನೆಯೊಡತಿ ದೋನ್ಯಾ ಎರ್ಮಿನಿಯಾ ಅವರದಂತೂ ಬೀದಿ ಕೊನೆಯವರೆಗೆ ಕೇಳುವ ಬಾಯಿ. ನಾನಿರುವುದು ಮಾಳಿಗೆಯ ಕೋಣೆಯಲ್ಲಿ, ನೆಲಿದಾ ಇದ್ದದ್ದು ಬಚ್ಚಲ ಪಕ್ಕದ ಕೋಣೆಯಲ್ಲಿ. ಎಲ್ಲರಿಗೂ ಒಂದೇ ಮೀಟರು.

ನೆಲಿದಾ ಸಲೂನಿನಲ್ಲಿ ಹೆಂಗಸರ ತಲೆ ತೊಳೆಯುವವಳು. ದಿನವಿಡೀ ಕಂಡವರ ತಲೆಗೆ ಬಿಸಿನೀರು ಸುರಿದು ಬಂದವಳಿಗೆ ತನ್ನ ತಲೆಗೆ ನಾಲ್ಕು ಹನಿ ನೆಮ್ಮದಿಯಾಗಿ ಸುರಿದುಕೊಳ್ಳುವ ಯೋಗವಿರಲಿಲ್ಲ. ಷವರ್ ತಿರುಗಿಸಿದ್ದೇ ತಡ, ದೋನ್ಯಾ ಬಾಗಿಲು ಬಡಿಯುತ್ತಿದ್ದರು.

"ಏನೇ, ಸಮುದ್ರ ಬಂದರಿನ ಹತ್ರ ಇರೋದು ಕಣೇ. ಇದು ನನ್ನ ಬಚ್ಚಲು."

"ಸೋಪಾದ್ರೂ ತೊಳ್ಕೋತೀನಿ ಬಿಡಿ ದೋನ್ಯಾ."

"ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸ್ಬೇಕು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?"

ಹೇಳಿಕೊಡುವಷ್ಟು ದಿನ ನೆಲಿದಾಳ ಅಮ್ಮ ಬದುಕಿರಲಿಲ್ಲ. ಅದು ದೋನ್ಯಾಗೂ ಗೊತ್ತು. ಬೈದಾದ ಮೇಲೆ, ಒದ್ದೆ ತಲೆಗೆ ಶೀತವಾದೀತೆಂದು ಬಿಸಿ ಕಷಾಯ ತಂದು ಅವಳ ಬಾಗಿಲಲ್ಲಿಟ್ಟು ಮುಖ ಗಂಟಿಕ್ಕಿಕೊಂಡೇ ಹೋಗುತ್ತಿದ್ದರು.

ಕಡೆಗೊಮ್ಮೆ ತಲೆ ಕೆಟ್ಟು ನೆಲಿದಾ ಸ್ವಂತ ಮೀಟರಿನ ಫ್ಲ್ಯಾಟು ಹಿಡಿದಳು. ಮೊದಲ ದಿನ ಮನದಣಿಯೆ ಮೀಯುತ್ತೇನೆಂದು ಷವರ್ ಕೆಳಗೆ ನಿಂತವಳು, ಅಭ್ಯಾಸಬಲದಿಂದ ಬಾಗಿಲ ಕಡೆ ಕಿವಿಗೊಟ್ಟಳಂತೆ. ಒಳಗೇ ಬಿದ್ದು ಸತ್ತರೂ ಬಡಿಯುವವರಿಲ್ಲ ಎನಿಸಿ, ಟವೆಲ್ ಸುತ್ತಿಕೊಂಡು ಕೂತು ಅತ್ತುಬಿಟ್ಟೆ ಎಂದು ನನ್ನ ಬಳಿ ಹೇಳಿದಳು. ಹಳೇ ಕೋಣೆ ಇನ್ನೂ ಖಾಲಿ ಇದೆ, ಬಂದು ಕೇಳು ಎಂದೆ.

ಭಾನುವಾರ ಬೆಳಗ್ಗೆ ಜೋಳದ ಕಡುಬಿನಂಥ ತಮಾಲೆ ಕಟ್ಟಿಸಿಕೊಂಡು ಬಂದಳು. ದೋನ್ಯಾ ಮೇಜಿಗೆ ಕಸೂತಿ ಬಟ್ಟೆ ಹಾಸಿ, ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ನೆಂಟರ ಕಪ್ಪಿನಲ್ಲಿ ಕಾಫಿ ಕೊಟ್ಟರು. ನಮ್ಮ ಕಡೆ ಸಿಟ್ಟು ಹೆಚ್ಚಾದರೆ ಉಪಚಾರ ಹೆಚ್ಚುತ್ತದೆ. ನೆಲಿದಾಗೆ ಕೋಣೆಯ ಮಾತೆತ್ತಲು ಬಾಯಿ ಬರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟಳು.

ನೀರು ಸುರಿಯುತ್ತಲೇ ಇತ್ತು. ದೋನ್ಯಾ ತಡೆಯಲಾರದೆ ಎದ್ದು ಹೋಗಿ ಬಾಗಿಲಿಗೆ ಕೈಯೆತ್ತಿದರು. ಬಡಿದುಬಿಡಿ ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೈ ಹಾಗೇ ಕೆಳಗಿಳಿಯಿತು. ಹೊರಗಿನ ಹೆಂಗಸರೊಡನೆ ಆಡುವ ಮರ್ಯಾದೆಯ ದನಿಯಲ್ಲಿ ಅಂದರು:

"ನಿಧಾನಕ್ಕೆ ತೊಳ್ಕೊಳ್ಳಿ ಸೆನ್ಯೋರಾ. ನೀರು ಎಷ್ಟು ಬೇಕಾದ್ರೂ ಬಳಸಿ."

ಒಳಗೆ ನಲ್ಲಿ ನಿಂತಿತು. ನೆಲಿದಾ ಅತ್ತು ಕೆಂಪಾದ ಕಣ್ಣಲ್ಲಿ ಹೊರಬಂದು, ಅರ್ಧ ತಮಾಲೆ ತಿಂದು, ಉಪಕಾರವಾಯಿತು ಎಂದು ಹೇಳಿ ಹೊರಟುಹೋದಳು.

ಬಾಡಿಗೆ ಕೇಳಿಕೊಂಡು ಈಗಲೂ ಜನ ಬರುತ್ತಾರೆ. ಕೋಣೆ ಕೊಟ್ಟಾಗಿದೆ ಎಂದು ದೋನ್ಯಾ ಬಾಗಿಲಿನಿಂದಲೇ ಕಳಿಸುತ್ತಾರೆ. ಖಾಲಿ ಕೋಣೆಯನ್ನು ಯಾರಿಗೆ ಕೊಟ್ಟಿರಿ ಎಂದು ಮೊನ್ನೆ ನಾನು ಕೇಳಿಯೇಬಿಟ್ಟೆ.

"ಕೊಟ್ಟಿದ್ದೀನಿ," ಅಂದರು. "ಅವಳಿನ್ನೂ ಬಂದಿಲ್ಲ, ಅಷ್ಟೇ."